ಗುಜರಿಗೆ ಹಾಕುವ ಮುಂಚೆ ಒಮ್ಮೆ ತೋರಿಸೋಣ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಅಡಿಕೆ ತೋಟದ ಬಸಿಗಾಲುವೆ ಎತ್ತಿಸುತ್ತಿದ್ದೆ. ಮೊಣಕಾಲು ಆಳಕ್ಕೆ ಹೋದಾಗ ಗುದ್ದಲಿಗೆ ಠಣ್ ಅಂತ ಏನೋ ತಾಗಿತು. ಕಲ್ಲಿರಬೇಕು ಅಂದುಕೊಂಡೆವು. ಮಣ್ಣು ಸರಿಸಿದರೆ ಕಬ್ಬಿಣದ ಕೊಳವೆ. ಗೇಣಿಗಿಂತ ತುಸು ಉದ್ದ, ಹೆಬ್ಬೆರಳಿಗಿಂತ ದಪ್ಪ, ಮೈಯೆಲ್ಲ ತುಕ್ಕು. ಒಂದು ತುದಿಯನ್ನು ಬಡಿದು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಸಣ್ಣ ತೂತು. ಕೈಗೆ ಎತ್ತಿಕೊಂಡರೆ ಖಾಲಿ ಪೈಪಿಗಿಂತ ಭಾರ ಜಾಸ್ತಿ.

ಕೆಲಸದವರಲ್ಲಿ ಒಬ್ಬರು ಹಳೇ ಪಂಪಿನ ಪೈಪು ಅಂದರು, ಇನ್ನೊಬ್ಬರು ಕೋವಿಯ ನಳಿಗೆ ಅಂದರು. ಪಕ್ಕದ ಮನೆಯ ಹುಡುಗ ಒಳಗೇನಿದೆ ನೋಡೋಣ ಅಂತ ಕೊಯ್ಯಲು ಗ್ರೈಂಡರ್ ತಂದೇಬಿಟ್ಟ. ಕೈ ಹಿಡಿದು ತಡೆದೆ. ನನಗೆ ನಗರದ ಬಾವಿ ನೆನಪಾಗಿತ್ತು.

ನಮ್ಮ ಹೊಸನಗರ ತಾಲ್ಲೂಕಿನ ನಗರ ಅಂದರೆ ಹಿಂದಿನ ಬಿದನೂರು. ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರನಗರ ಅಂತ ಹೆಸರಿಟ್ಟ. ಅಲ್ಲಿ 2002ರಲ್ಲಿ ಇಂಥವೇ ಸುಮಾರು 160 ಕೊಳವೆ ಸಿಕ್ಕಿದ್ದವು. ಅವು ಹೈದರ್-ಟಿಪ್ಪು ಕಾಲದ ಯುದ್ಧದ ರಾಕೆಟ್ ಅಂತ ಗುರುತಿಸಲು ಐದು ವರ್ಷ ಬೇಕಾಯಿತು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿನ ಹಾಳುಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಹೊರಬಂದವು. ಬಾವಿಯ ಮಣ್ಣು ಕೋವಿ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ.

ಬಿದಿರು, ಕಾಗದದ ಕೊಳವೆಯಲ್ಲಿ ಮದ್ದು ತುಂಬಿದರೆ ಬೇಗ ಒಡೆಯುತ್ತದೆ. ಕಬ್ಬಿಣ ಒತ್ತಡ ತಡೆಯುತ್ತದೆ, ಆದ್ದರಿಂದ ಜಾಸ್ತಿ ದೂರ ಹಾರುತ್ತದೆ. ಹೈದರ್, ಟಿಪ್ಪುವಿನ ಸೈನಿಕರು ಇದಕ್ಕೆ ಉದ್ದನೆಯ ಬಿದಿರಿನ ಗಳ ಕಟ್ಟಿ ಹಾರಿಸುತ್ತಿದ್ದರು. 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರು ಇದರ ಪೆಟ್ಟು ತಿಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇವನ್ನು ಇಂಗ್ಲೆಂಡಿಗೆ ಒಯ್ದರು. ಇವನ್ನು ನೋಡಿಯೇ ಇಂಗ್ಲೆಂಡಿನ ವಿಲಿಯಂ ಕಾನ್‌ಗ್ರೀವ್ ತನ್ನ ರಾಕೆಟ್ ಮಾಡಿದ. ಅಂಥದ್ದು ನಮ್ಮ ತೋಟ, ಬಾವಿಗಳಲ್ಲಿ ಮಲಗಿರಬಹುದು ಅಂದರೆ ಮೈ ಜುಂ ಅನ್ನುತ್ತದೆ ಅಲ್ವಾ?

ನನಗೆ ಸಿಕ್ಕಿದ್ದು ಅದೇ ಅಂತ ನಾನು ಹೇಳುತ್ತಿಲ್ಲ. ಅದನ್ನು ಬಲ್ಲವರು ನೋಡಿ ಹೇಳಬೇಕು. ತೊಂದರೆ ಇರುವುದೇ ಅಲ್ಲಿ. ಫೋಟೋ ಹಿಡಿದು ಒಂದು ಕಚೇರಿಗೆ ಹೋದೆ. ಇದು ನಮಗೆ ಬರುವುದಿಲ್ಲ ಅಂತ ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಅರ್ಜಿ ಬರೆದುಕೊಟ್ಟು ಬಂದೆ. ಇವತ್ತಿನವರೆಗೆ ಯಾರೂ ಬಂದಿಲ್ಲ. ಊರಲ್ಲಿ ಹಿರಿಯರೊಬ್ಬರು, "ಸುಮ್ನೆ ಯಾಕೆ ತಲೆನೋವು? ಜಮೀನೇ ಹೋದೀತು, ಮಣ್ಣು ಮುಚ್ಚಿಬಿಡು" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹಳೇ ವಸ್ತು ಸಿಕ್ಕಿತು ಅಂತ ಗೊತ್ತಾದರೆ ರಾತ್ರಿ ನಿಧಿಗಳ್ಳರು ಬಂದು ತೋಟ ಅಗೆಯುತ್ತಾರೆ ಅನ್ನೋ ಭಯವೂ ನಮ್ಮಲ್ಲಿದೆ. ಈ ಭಯಕ್ಕೇ ಎಷ್ಟು ವಸ್ತು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗಿವೆಯೋ!

ಆದ್ದರಿಂದ ಒಂದು ಕೋರಿಕೆ. ತಿಂಗಳಿಗೊಂದು ದಿನ, ಸಂತೆಯ ದಿನವೇ ಆಗಲಿ, ತಾಲ್ಲೂಕು ಕೇಂದ್ರದಲ್ಲಿ ಪುರಾತತ್ವ ಇಲಾಖೆಯ ಒಬ್ಬರು ಕೂರಲಿ. ಜನ ಫೋಟೋ ತಂದು ತೋರಿಸಲಿ. ಕೊಟ್ಟ ವಸ್ತುವಿಗೆ ರಸೀದಿ ಕೊಡಲಿ. ಜಮೀನಿನ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಅಂತ ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ.

ನನ್ನಂಥ ಬೆಳೆಗಾರರಿಗೂ ಒಂದು ಮಾತು. ಇಂಥದ್ದು ಸಿಕ್ಕರೆ ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಕೊಯ್ಯಬೇಡಿ, ಬೆಂಕಿಯ ಹತ್ತಿರ ಒಯ್ಯಲೇಬೇಡಿ. ಒಳಗೆ ಮದ್ದು ಉಳಿದಿದ್ದರೆ ಜೀವಕ್ಕೇ ಅಪಾಯ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಸಿಕ್ಕ ಜಾಗ, ಆಳ ಬರೆದಿಡಿ.

ನಮ್ಮ ಕೊಳವೆ ಈಗ ಅದೇ ಕಾಲುವೆಯ ಹಸಿಮಣ್ಣಿನ ಜೊತೆ ಬಕೆಟ್‌ನಲ್ಲಿದೆ, ಮನೆಯಿಂದ ದೂರದ ಹಳೇ ಕೊಟ್ಟಿಗೆಯಲ್ಲಿ. ಸಿಕ್ಕ ಜಾಗಕ್ಕೆ ಗೂಟ ಹೊಡೆದು ಕೆಲಸ ಅಲ್ಲಿಗೇ ನಿಲ್ಲಿಸಿದ್ದೇನೆ. ಮಳೆ ಹಿಡಿಯುವ ಮುಂಚೆ ಕಾಲುವೆ ಮುಗಿಸಲೇಬೇಕು. ಅಷ್ಟರೊಳಗೆ ಬಲ್ಲವರು ಯಾರಾದರೂ ಬಂದು ನೋಡಲಿ.

– ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು