ನಡುವಿನ 23 ವರ್ಷ

ಮಗಳೇ,

ನಿನ್ನನ್ನು ಬಸ್ಸು ಹತ್ತಿಸಿ ವಾಪಸ್ ಬರುವಾಗ ಮಡಿಕೇರಿಯ ದೇವಯ್ಯ ಸರ್ಕಲ್‌ನಲ್ಲಿ ಜೀಪು ನಿಲ್ಲಿಸಲು ಅಪ್ಪನಿಗೆ ಹೇಳಿದೆ. ಪ್ರತಿಮೆಯ ಕೆಳಗೆ ಬರೆದದ್ದನ್ನು ಇನ್ನೊಮ್ಮೆ ಓದಬೇಕು ಅನ್ನಿಸಿತು. ಯಾಕೆ ಅಂತ ಅಪ್ಪ ಕೇಳಲಿಲ್ಲ.

ಆ ರಾತ್ರಿಯ ಜಗಳದ ಬಗ್ಗೆ ಬರೆಯುವುದಿಲ್ಲ, ನಿನಗೂ ನೆನಪಿದೆ. ಆದರೆ ನಿನಗೆ ಗೊತ್ತಿಲ್ಲದ್ದು ಒಂದಿದೆ. ವಾಯುಪಡೆಯ ಜಾಯಿನಿಂಗ್ ಲೆಟರ್ ತಡ ಮಾಡಿದ ಅಂತ ಅಂಚೆಯಣ್ಣನಿಗೆ ಬೈದೆಯಲ್ಲ, ಅದು ಎರಡು ದಿನ ನಮ್ಮ ಅಕ್ಕಿ ಡಬ್ಬದ ಹಿಂದಿತ್ತು. ಇಟ್ಟವಳು ನಾನೇ. ತಪ್ಪಾಯಿತು.

2020ರ ಸೆಪ್ಟೆಂಬರ್‌ನಲ್ಲಿ ಆ ಪ್ರತಿಮೆ ಹೊಸದಾಗಿ ನಿಂತಾಗ ನೀನೇ ಅಲ್ವಾ ನನಗೆ ಓದಿ ಹೇಳಿದ್ದು? ಮಾಸ್ಕಿನೊಳಗಿಂದಲೇ, ಗಟ್ಟಿಯಾಗಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ, ಮಹಾವೀರ ಚಕ್ರ. ಮನೆ ತಲುಪುವ ತನಕ ಅದೇ ಕಥೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರಗೋಧಾ ವಾಯುನೆಲೆ. ಇವರದು ಮಿಸ್ಟೇರ್ ವಿಮಾನ, ಎದುರಿಗೆ ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಪೆಟ್ಟು ತಿಂದ ಮೇಲೂ ತಿರುಗಿ ನಿಂತು ಅದನ್ನು ಉರುಳಿಸಿದರು. ನಿನ್ನ ಕಣ್ಣು ಹೊಳೆಯುತ್ತಿತ್ತು. ನನ್ನ ತಲೆಯಲ್ಲಿ ಕೂತದ್ದು ಬೇರೆ. ಅವರು ಸ್ಟ್ಯಾಂಡ್‌ಬೈ ಅಂದಿದ್ದೆ ನೀನು. ಸ್ಟ್ಯಾಂಡ್‌ಬೈ! ಅಂದರೆ ಯಾರೂ ಹಿಂದುಳಿಯದಿದ್ದರೆ ಅವರು ಹೋಗಬೇಕಾಗಿಯೇ ಇರಲಿಲ್ಲ.

ಆಮೇಲೆ ಆ ಕಾಯುವಿಕೆ. ಅವರು ಮರಳಲಿಲ್ಲ ಅನ್ನುವುದಷ್ಟೇ ಇಲ್ಲಿ ಗೊತ್ತಿದ್ದದ್ದು. ಏನಾಯಿತು ಅನ್ನುವುದು ಹೊರಬಿದ್ದದ್ದು ಎಷ್ಟೋ ವರ್ಷದ ಮೇಲೆ, ಪಾಕಿಸ್ತಾನದ ಕಡೆಯ ಕಥೆಯನ್ನು ಒಬ್ಬ ಇಂಗ್ಲಿಷ್ ಲೇಖಕ ಬರೆದಾಗ. ಪದಕ ಹೆಂಡತಿಯ ಕೈಗೆ ಬಂದದ್ದು 1988ರಲ್ಲಿ. ನಡುವೆ 23 ವರ್ಷ. ಅಷ್ಟು ವರ್ಷ ಆ ಮನೆಯ ಗೇಟು ಸದ್ದಾದಾಗಲೆಲ್ಲ ಯಾರು ಎದ್ದು ನೋಡುತ್ತಿದ್ದರೋ. ಅದನ್ನು ಯಾವ ಕಲ್ಲಿನ ಮೇಲೆ ಬರೆಯುತ್ತಾರೆ, ಹೇಳು?

ಅಲ್ಲಿ ಎಲ್ಲದಕ್ಕೂ ಮೊದಲು ಕೈ ಎತ್ತಬೇಡ. ಒದ್ದೆ ಸಾಕ್ಸ್ ಹಾಕಬೇಡ. ಕೊಡಗಿನವಳು ಅಂತ ಕಾರ್ಯಪ್ಪ, ತಿಮ್ಮಯ್ಯನವರ ಹೆಸರೆತ್ತಿ ಯಾರಾದರೂ ಹೊಗಳಿದರೆ ಉಬ್ಬಬೇಡ. ಅವರ ಕೆಲಸ ಅವರು ಮಾಡಿ ಹೋದರು, ನಿನ್ನದು ಇನ್ನೂ ಶುರುವಾಗಿಲ್ಲ. ನೋಡು, ಸುಮ್ನೆ ನಾಲ್ಕು ಸಾಲು ಅಂತ ಕೂತು ಮತ್ತೆ ಪಾಠ ಹೇಳುತ್ತಿದ್ದೇನೆ.

ಕಾಫಿ ಕುಯ್ಯಲು ಬಂದವರಿಗೆಲ್ಲ ಮಗಳು ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಹೋದಳು ಅಂತ ಹೇಳಿದೆ. ಕೆಲವರಿಗೆ ಎರಡೆರಡು ಸಲ.

ಫೋನ್ ಕೊಡದಿದ್ದರೆ ಒಂದು ಕಾರ್ಡು ಹಾಕು. ಅಂಚೆಯಣ್ಣನಿಗೆ ನಿಜ ಹೇಳಿ ಒಂದು ಬಾಟಲಿ ಜೇನು ಕೊಟ್ಟೆ. ನಿನ್ನ ಕಾಗದ ಬಂದರೆ ಇನ್ನು ಅಪ್ಪನ ಕೈಗೇ ಕೊಡುತ್ತಾನಂತೆ.

ಅಮ್ಮ