ಧೋತರದ ಒಳಗೆ ಲೆಗ್ಗಿಂಗ್ಸ್ ಬೇಡ

ಮಾನ್ಯರೇ,

ಮದುವೆ, ಜಾತ್ರೆಗಳಲ್ಲಿ ಧೋತರದ ಒಳಗೆ ಲೆಗ್ಗಿಂಗ್ಸ್ ಹಾಕುವ ಹುಡುಗರಿದ್ದಾರೆ. ಮೈ ಕಾಣಬಾರದೆಂಬ ಸಂಕೋಚ ಸಹಜ. ಆದರೆ ಕಲಬುರಗಿಯ 40 ಡಿಗ್ರಿ ದಾಟುವ ಬಿಸಿಲಿಗೆ ಅದು ತಕ್ಕದ್ದಲ್ಲ. ಲೆಗ್ಗಿಂಗ್ಸ್‌ನ ಪಾಲಿಯೆಸ್ಟರ್ ಬಟ್ಟೆ ಬೆವರು ಹೀರುವುದಿಲ್ಲ. ತೊಡೆಸಂದಿ ಒದ್ದೆಯಾಗಿಯೇ ಉಳಿದು ಗಜಕರ್ಣ ಏಳುತ್ತದೆ. ಜಾರುವ ಬಟ್ಟೆಯ ಮೇಲೆ ಗಂಟೂ ನಿಲ್ಲದು, ನಾಲ್ಕು ಹೆಜ್ಜೆಗೆ ಕಚ್ಚೆ ಸಡಿಲ.

ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಿರುವ, ಲಾಡಿಯ ಹತ್ತಿ ಚಡ್ಡಿ ಸಾಕು. ಮೈಬಣ್ಣದ್ದೇ ಲೇಸು, ತೆಳು ಧೋತರದಲ್ಲಿ ಬಿಳಿ ಚಡ್ಡಿ ಎದ್ದು ಕಾಣುತ್ತದೆ. ಲಾಡಿಯನ್ನು ಧೋತರದ ಗಂಟು ಬರುವ ಜಾಗಕ್ಕಿಂತ ಎರಡು ಬೆರಳು ಕೆಳಗೆ ಕಟ್ಟಿ, ಗಂಟನ್ನು ಅದರ ಮೇಲ್ಗಡೆ ಬರಿಮೈಗೆ ಬಿಗಿಯಬೇಕು. ಕಚ್ಚೆಗೆ 8 ಮೊಳ, ಅಂದರೆ ಸುಮಾರು 3.6 ಮೀಟರ್ ಬೇಕೇ ಬೇಕು. ಬೀದರಿನ ಚಳಿಗಾದರೆ ಹತ್ತಿಯ ಲೆಗ್ಗಿಂಗ್ಸ್ ಇರಲಿ.

– ಒಬ್ಬ ಓದುಗ, ಕಲಬುರಗಿ