ಊರೂರಿನ ವೀರಗಲ್ಲಿಗೂ ಫೌಂಡೇಶನ್ ದುಡ್ಡು ತಲುಪೋ ದಾರಿ ಮಾಡಿಕೊಡಿ: ಸಚಿವರಿಗೆ ಬಹಿರಂಗ ಪತ್ರ

ಪುರಾತತ್ವ ಇಲಾಖೆಯ ಹೊಣೆ ಹೊತ್ತಿರೋ ಮಾನ್ಯ ಸಚಿವರಿಗೆ ನಮಸ್ಕಾರ,

ನೇರವಾಗಿ ವಿಷಯಕ್ಕೆ ಬರ್ತೀನಿ ಸರ್. ಸ್ಥಳೀಯ ಇತಿಹಾಸ ಉಳಿಸೋಕೆ ದುಡ್ಡು ಕೊಡೋ ಮನಸ್ಸಿರೋ ಫೌಂಡೇಶನ್‌ಗಳು, ಕಂಪನಿಗಳು ನಮ್ಮ ರಾಜ್ಯದಲ್ಲಿ ಇವೆ, ಆ ಕೆಲಸ ಮಾಡೋ ಜನಾನೂ ಊರೂರಲ್ಲಿ ಇದಾರೆ, ಆದ್ರೆ ಅವರಿಂದ ಇವರಿಗೆ ದುಡ್ಡು ಬರೋಕೆ ದಾರಿನೇ ಇಲ್ಲ. ಆ ದಾರಿ ಮಾಡಿಕೊಡೋದು ಸರ್ಕಾರದ ಕೈಲಿದೆ, ಅದಕ್ಕೇ ಬರೀತಾ ಇದೀನಿ.

ಕಂಪನಿ ಕಾಯ್ದೆ 2013ರ ಏಳನೇ ಶೆಡ್ಯೂಲ್‌ನಲ್ಲಿ ಸಿಎಸ್‌ಆರ್ ದುಡ್ಡು, ಅಂದ್ರೆ ಕಂಪನಿಗಳು ಸಮಾಜಕ್ಕೆ ಅಂತ ಕಾನೂನಿನ ಪ್ರಕಾರ ಖರ್ಚು ಮಾಡೋ ದುಡ್ಡು, ಯಾವುದಕ್ಕೆಲ್ಲ ಖರ್ಚು ಮಾಡಬಹುದು ಅನ್ನೋ ಪಟ್ಟಿ ಇದೆ ಅಂತ ನಿಮಗೆ ಗೊತ್ತೇ ಇದೆ. ಪರಂಪರೆ, ಕಲೆ, ಸಂಸ್ಕೃತಿ ಕಾಪಾಡೋದು, ಐತಿಹಾಸಿಕ ಜಾಗ ಮತ್ತು ಕಟ್ಟಡಗಳ ದುರಸ್ತಿ ಎಲ್ಲ ಅದರಲ್ಲಿ ಸೇರಿದೆ. ಸಿಎಸ್‌ಆರ್ ನಿಯಮ ಅನ್ವಯ ಆಗೋ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಖರ್ಚು ಮಾಡಲೇಬೇಕು, ಮತ್ತೆ ಬೆಂಗಳೂರಲ್ಲಿ ಅಂಥ ಕಂಪನಿಗಳಿಗೇನು ಬರ ಇಲ್ಲ. ಆದ್ರೆ ಆ ದುಡ್ಡು ತಗೊಳ್ಳೋ ಸಂಸ್ಥೆಗೆ ಆದಾಯ ತೆರಿಗೆ ಕಾಯ್ದೆಯ 12ಎ ನೋಂದಣಿ ಇರಬೇಕು, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗೋ 80ಜಿ ಇರಬೇಕು, ಕನಿಷ್ಠ ಮೂರು ವರ್ಷ ಅಂಥದ್ದೇ ಕೆಲಸ ಮಾಡಿರೋ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಇದರ ಜೊತೆ ಸಿಎಸ್‌ಆರ್-1 ಅನ್ನೋ ಫಾರಂ ತುಂಬಿ ನೋಂದಣಿ ನಂಬರೂ ತಗೊಂಡಿರಬೇಕು. ವಿದೇಶಿ ಫೌಂಡೇಶನ್ ಆದ್ರೆ ಹೊರದೇಶದ ದೇಣಿಗೆ ತಗೊಳ್ಳೋಕೆ ಎಫ್‌ಸಿಆರ್‌ಎ ಅನುಮತಿ ಬೇರೆ.

ದುಡ್ಡಿಗೆ ಲೆಕ್ಕ ಬೇಕು, ಈ ನಿಯಮಗಳು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಊರಲ್ಲಿ ಈ ಕೆಲಸ ಮಾಡೋರು ಯಾರು ಅಂತ ನೋಡಿ ಸರ್. ರಿಟೈರ್ಡ್ ಮೇಷ್ಟ್ರು ಇರ್ತಾರೆ, ಕಾಲೇಜಲ್ಲಿ ಹಿಸ್ಟರಿ ಪಾಠ ಮಾಡೋ ಲೆಕ್ಚರರ್ ಇರ್ತಾರೆ, ಭಾನುವಾರ ಬೈಕ್ ಹತ್ತಿ ಕೆರೆ ಏರಿ, ಹೊಲದ ಬದು, ಪಾಳು ಗುಡಿ ಸುತ್ತಿ ಶಾಸನ ಹುಡುಕಿ, ಗೋಧಿ ಹಿಟ್ಟೋ ಸೀಮೆಸುಣ್ಣದ ಪುಡಿಯೋ ಸವರಿ ಅಕ್ಷರ ಓದೋಕೆ ಪ್ರಯತ್ನಪಡೋ ಹುಡುಗರು ಇರ್ತಾರೆ. ಇವರ ಹತ್ರ ಟ್ರಸ್ಟ್ ಡೀಡ್ ಇಲ್ಲ, ಆಡಿಟರ್ ಇಲ್ಲ, ಪ್ರಪೋಸಲ್ ಬರೆದುಕೊಡೋ ಜನ ಇಲ್ಲ. ಅದು ಇರೋ ದೊಡ್ಡ ಸಂಸ್ಥೆಗಳಿಗೆ ಇವರ ಊರಿನ ಕಲ್ಲು ಎಲ್ಲಿದೆ ಅಂತಾನೇ ಗೊತ್ತಿಲ್ಲ. ಹಾಗಾಗಿ ದುಡ್ಡು ಪ್ರತಿ ಸಲ ಹೆಸರಾದ ಜಾಗಕ್ಕೇ ಹೋಗುತ್ತೆ.

ಬ್ರಿಟಿಷರ ಕಾಲದ ಶಾಸನ ತಜ್ಞ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನ ದಾಖಲಿಸಿದ್ರು, ಅದೂ ಹಳೇ ಮೈಸೂರು ಮತ್ತು ಕೊಡಗಿನಲ್ಲಿ ಮಾತ್ರ, ನೂರು ವರ್ಷದ ಹಿಂದೆ. ಅದರಲ್ಲಿ ಎಷ್ಟೋ ಕಲ್ಲು ಇವತ್ತು ಜಾಗದಲ್ಲಿ ಇಲ್ಲ, ಮುಖ್ಯವಾಗಿ ಬೆಂಗಳೂರು ಸುತ್ತಮುತ್ತ. ಲೇಔಟ್ ಆದಾಗ, ರಸ್ತೆ ಅಗಲ ಮಾಡಿದಾಗ, ಚರಂಡಿ ತೋಡಿದಾಗ ಹೋಗಿವೆ. ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಲ್ಲಿ 'ಬೆಂಗಳೂರು' ಅನ್ನೋ ಹೆಸರು ಇದೆ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ಕೋತೀವಿ, ಆ ಕಲ್ಲನ್ನೂ ಯಾರಾದ್ರೂ ಪಾಯಕ್ಕೆ ಹಾಕಿಬಿಟ್ಟಿದ್ರೆ ಏನು ಮಾಡ್ತಿದ್ವಿ? ಕನ್ನಡದ ಅತಿ ಹಳೇ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನ 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬೀಳೋವರೆಗೂ ಊರಲ್ಲಿ ಒಂದು ಹಳೇ ಕಲ್ಲಾಗಿ ನಿಂತಿತ್ತು.

ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ಕರ್ನಾಟಕದಲ್ಲಿ ನೋಡ್ಕೊಳ್ಳೋದು ಸುಮಾರು 500 ಸ್ಮಾರಕ, ನಿಮ್ಮ ಇಲಾಖೆ ರಾಜ್ಯದ 1961ರ ಸ್ಮಾರಕ ಕಾಯ್ದೆ ಕೆಳಗೆ ಇನ್ನೊಂದಷ್ಟನ್ನ ನೋಡ್ಕೊಳ್ಳುತ್ತೆ. ಈ ಎರಡು ಪಟ್ಟಿಯಿಂದ ಹೊರಗಿರೋದೇ ಜಾಸ್ತಿ. ಮಾಸ್ತಿಕಲ್ಲು, ಕೆರೆ ತೂಬಿನ ಮೇಲಿನ ಬರಹ, ಮನೆ ಅಟ್ಟದಲ್ಲಿ ಗೆದ್ದಲು ತಿನ್ನುತ್ತಿರೋ ತಾಳೆಗರಿ ಮತ್ತು ಕಡತ, ಹಳೇ ಕ್ಯಾಸೆಟ್‌ನಲ್ಲಿ ಉಳಿದಿರೋ ಮಂಟೇಸ್ವಾಮಿ, ಮಾದೇಶ್ವರನ ಪದ. ಇವಕ್ಕೆ ಕೋಟಿ ಕೋಟಿ ಬೇಡ ಸರ್. ಒಂದು ಸ್ಕ್ಯಾನರ್, ಕ್ಯಾಮೆರಾ, ಹಾರ್ಡ್ ಡಿಸ್ಕ್, ಓಡಾಟದ ಖರ್ಚು, ಓದಿ ಹೇಳೋ ಒಬ್ಬ ಶಾಸನ ತಜ್ಞರ ಸಂಭಾವನೆ, ಕಲ್ಲನ್ನ ಎತ್ತಿ ನಿಲ್ಲಿಸಿ ಮೇಲೊಂದು ಸೂರು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರೂ ನೋಡೋ ಹಾಗೆ ಇಡ್ತಾ ಇದೆ, ನಾಳೆ ಕಲ್ಲು ಹೋದ್ರೂ ಅಕ್ಷರ ಉಳಿಯುತ್ತೆ. ಬಳ್ಳಾರಿಗೆ, ಬೀದರ್‌ಗೆ, ಕೋಲಾರಕ್ಕೆ ಇಂಥ ಕೆಲಸ ಬೇಡ್ವಾ?

ಹೊರದೇಶದಲ್ಲಿ ಇದಕ್ಕೊಂದು ಒಳ್ಳೇ ಮಾದರಿ ಇದೆ. ಬ್ರಿಟಿಷ್ ಲೈಬ್ರರಿ 2004ರಿಂದ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ಅಂತ ನಡೆಸುತ್ತೆ, ದುಡ್ಡು ಆರ್ಕೇಡಿಯಾ ಅನ್ನೋ ದತ್ತಿ ನಿಧಿಯದ್ದು. ಹಾಳಾಗೋ ಭಯ ಇರೋ ಹಳೇ ಕಾಗದಪತ್ರ, ಹಸ್ತಪ್ರತಿ, ಧ್ವನಿಮುದ್ರಣಗಳನ್ನ ಅದು ಇರೋ ಕಡೆನೇ ಡಿಜಿಟೈಸ್ ಮಾಡೋಕೆ ಗ್ರಾಂಟ್ ಕೊಡ್ತಾರೆ. ಮೂಲ ಪ್ರತಿ ಆ ದೇಶ ಬಿಟ್ಟು ಹೋಗೋ ಹಾಗಿಲ್ಲ, ಕೆಲಸ ಕಲಿಯೋದು ಸ್ಥಳೀಯರೇ. ನಂಗೆ ಇದರಲ್ಲಿ ಬಹಳ ಇಷ್ಟವಾಗಿದ್ದು ಈ ಕೊನೇ ಮಾತು, ಯಾಕಂದ್ರೆ ದುಡ್ಡು ಮುಗಿದ ಮೇಲೂ ಕೆಲಸ ಗೊತ್ತಿರೋರು ಊರಲ್ಲೇ ಇರ್ತಾರೆ.

ಈಗ ನನ್ನ ಬೇಡಿಕೆ. ಸಿಎಸ್‌ಆರ್ ನಿಯಮದಲ್ಲೇ ಇನ್ನೊಂದು ಬಾಗಿಲಿದೆ. ರಾಜ್ಯ ಸರ್ಕಾರನೇ ಸ್ಥಾಪಿಸಿದ ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿ ಆದ್ರೆ ಆ ಮೂರು ವರ್ಷದ ದಾಖಲೆ ಬೇಕಿಲ್ಲ, ಸಿಎಸ್‌ಆರ್-1 ನೋಂದಣಿ ಆದ್ರೆ ಕಂಪನಿ ದುಡ್ಡು ತಗೋಬಹುದು. ಕೇಂದ್ರ ಸರ್ಕಾರ 1996ರಲ್ಲೇ ನ್ಯಾಷನಲ್ ಕಲ್ಚರ್ ಫಂಡ್ ಅಂತ ಒಂದು ಟ್ರಸ್ಟ್ ಮಾಡಿತ್ತು, ದಾನಿಗಳು ಇಂಥದ್ದೇ ಪ್ರಾಜೆಕ್ಟ್‌ಗೆ ಅಂತ ಹೇಳಿ ದುಡ್ಡು ಕೊಡಬಹುದು. ಅದೇ ಥರ ಒಂದು ಟ್ರಸ್ಟ್ ಕರ್ನಾಟಕದಲ್ಲಿ ಮಾಡಿ, ಆದ್ರೆ ಅದು ಸಣ್ಣ ಕೆಲಸಕ್ಕೆ ಮಾತ್ರ, ಕೇಂದ್ರ, ರಾಜ್ಯ ಎರಡರ ಸ್ಮಾರಕ ಪಟ್ಟಿಯಲ್ಲೂ ಇಲ್ಲದ ಪರಂಪರೆಗೆ ಮಾತ್ರ ಅಂತ ಬೈಲಾದಲ್ಲೇ ಬರೀರಿ. ದುಡ್ಡು ಊರಿನ ಗುಂಪಿನ ಖಾತೆಗೆ ಹಾಕೋದೂ ಬೇಡ, ಬಿಲ್ ಟ್ರಸ್ಟೇ ಕಟ್ಟಲಿ, ಕೆಲಸ ಊರಿನವರು ಮಾಡಲಿ. ಅರ್ಜಿ ಕನ್ನಡದಲ್ಲಿ ಎರಡು ಪುಟ ಇದ್ರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಗಟ್ಟಿಯಾಗಿ ನಿಲ್ಲಬೇಕು. ದುಡ್ಡು ಬಂತು ಅಂದ ತಕ್ಷಣ ಸಿಮೆಂಟು ಬರುತ್ತೆ. ಎಷ್ಟೋ ಹಳೇ ಗುಡಿಗಳಲ್ಲಿ ನೋಡಿದೀನಿ, ಭಕ್ತಿಯಿಂದಾನೇ ಮಾಡಿರ್ತಾರೆ ಪಾಪ, ಆದ್ರೆ ಶಾಸನದ ಮೇಲೆ ಆಯಿಲ್ ಪೇಂಟ್ ಬಳಿದಿರ್ತಾರೆ, ಬರಹ ಇರೋ ಚಪ್ಪಡಿ ಮೇಲೆ ಟೈಲ್ಸ್ ಹಾಕಿರ್ತಾರೆ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿ ಕಲ್ಲು ಬೆಳ್ಳಗೆ ಮಾಡೋವಾಗ ಕೆತ್ತನೆನೇ ಸವೆದು ಹೋಗಿರುತ್ತೆ. ಹಾಗಾಗಿ ಮೊದಲು ಫೋಟೋ, ಸ್ಕ್ಯಾನ್, ಶಾಸನದ ಅಕ್ಷರ ಓದಿ ಬರೆದುಕೊಳ್ಳೋದು ಆಗಬೇಕು, ಆಮೇಲೇ ಒಂದು ಕಲ್ಲು ಮುಟ್ಟಬೇಕು, ಅದೂ ಇಲಾಖೆ ತಜ್ಞರು ಒಪ್ಪಿದ ಮೇಲೆ. ದುಡ್ಡು ಕೊಟ್ಟ ಕಂಪನಿಯ ಹೆಸರಿನ ಬೋರ್ಡ್ ಶಾಸನಕ್ಕಿಂತ ದೊಡ್ಡದಾಗಿ ಇರಬಾರದು, ಇದನ್ನೂ ಬರೆದಿಡಿ.

ಊರಿನವರ ಪಾಲೂ ಇರಲಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಹಳೇ ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ಸರ್ಕಾರ, ಟ್ರಸ್ಟ್, ಊರಿನ ಜನ ಮೂವರೂ ದುಡ್ಡು ಹಾಕೋ ಪದ್ಧತಿ ನಡೆಸಿಕೊಂಡು ಬಂದಿದೆ. ಪಾಲು ಹಾಕಿದೋರು ಕಾವಲೂ ಕಾಯ್ತಾರೆ. ಆದ್ರೆ ಬಡ ಊರಿಗೆ, ದಲಿತ ಕೇರಿಗೆ, ಅಲೆಮಾರಿ ಸಮುದಾಯದ ಹಾಡು ಕಥೆಗಳಿಗೆ ದುಡ್ಡಿನ ಪಾಲು ಕೇಳಬೇಡಿ, ಅವರು ಕೊಡೋ ಸಮಯ ಮತ್ತು ನೆನಪನ್ನೇ ಪಾಲು ಅಂತ ಲೆಕ್ಕ ಹಾಕಿ. ಹಾಡಿದವರಿಗೆ ಸಂಭಾವನೆ ಕೊಡಿ, ರೆಕಾರ್ಡಿಂಗ್‌ನ ಒಂದು ಪ್ರತಿ ಅವರ ಮನೆಯಲ್ಲೂ ಇರಲಿ.

ಕಂಪನಿಗಳು ಒಂದು ಸ್ಮಾರಕದ ಹೊಣೆ ಹೊರೋ ಸ್ಮಾರಕ ದತ್ತು ಯೋಜನೆನ ನಿಮ್ಮ ಇಲಾಖೆ ಶುರು ಮಾಡಿದ್ದು ಒಳ್ಳೇದೇ. ಆದ್ರೆ ದತ್ತು ತಗೊಳ್ಳೋರು ಪ್ರವಾಸಿಗರು ಬರೋ ಜಾಗ ನೋಡ್ತಾರೆ, ಹೊಲದಲ್ಲಿ ಮಗುಚಿ ಬಿದ್ದಿರೋ ತುರುಗೋಳ್ ಕಲ್ಲನ್ನ, ಅಂದ್ರೆ ದನಗಳ ಕಾಳಗದಲ್ಲಿ ಸತ್ತವರ ವೀರಗಲ್ಲನ್ನ, ಯಾವ ಕಂಪನಿನೂ ತಾನಾಗೇ ಹುಡುಕಿಕೊಂಡು ಬರಲ್ಲ.

ಮುಂದಿನ ಬಜೆಟ್‌ಗೆ ಇಲಾಖೆಯ ಪಟ್ಟಿ ಕಳಿಸೋವಾಗ ಈ ಟ್ರಸ್ಟ್ ಸೇರಿಸಿ, ಆರಂಭದ ನಿಧಿ ಸರ್ಕಾರ ಹಾಕಿದ್ರೆ ಫೌಂಡೇಶನ್‌ಗಳಿಗೂ ಧೈರ್ಯ ಬರುತ್ತೆ. ಮೊದಲು ಒಂದೆರಡು ಜಿಲ್ಲೆಯಲ್ಲಿ ಮಾಡಿ ನೋಡಿದ್ರೂ ಆಯ್ತು. ಕರಡು ಬೈಲಾ ಮಾಡಿದಾಗ ಊರೂರಲ್ಲಿ ಈ ಕೆಲಸ ಮಾಡ್ತಿರೋರನ್ನ ಕರೆದು ಕೇಳಿ. ಆಗಲ್ಲ ಅನ್ನೋದಾದ್ರೆ ಯಾವ ನಿಯಮ ಅಡ್ಡ ಬರುತ್ತೆ ಅಂತ ಇಲಾಖೆಯಿಂದ ಲಿಖಿತವಾಗಿ ತಿಳಿಸಿ ಸರ್, ಅದನ್ನ ಸರಿ ಮಾಡೋಕೆ ಯಾರನ್ನ ಕೇಳಬೇಕೋ ಅವರಿಗೂ ಪತ್ರ ಬರೀತೀವಿ.

ಇಂತಿ,
ಊರಿನ ಇತಿಹಾಸ ಉಳೀಬೇಕು ಅಂತ ಆಸೆ ಇರೋ ಒಬ್ಬ ಕನ್ನಡಿಗ